ತಾಜಾ ಬಿಯರ್ ತಲಪಾಡಿ ದಾಟುವುದಿಲ್ಲ

ಏಪ್ರಿಲ್ ಕೊನೆಯ ಒಂದು ಶನಿವಾರ ಅಕ್ಕನ ಮಗ ಫೋನ್ ಮಾಡಿದ. "ಮಾವ, ಸಂಜೆ ಮಂಗಳೂರಿಗೆ ಹೋಗುವಾ? ಅಲ್ಲೊಂದು ಕಡೆ ಬಿಯರಿನ ಹಬ್ಬ ಉಂಟು. ಮಾಡುವುದನ್ನೂ ತೋರಿಸ್ತಾರಂತೆ."

ಮಾವ-ಅಳಿಯ ಒಟ್ಟಿಗೆ ಕೂತು ಗ್ಲಾಸ್ ಹಿಡಿಯುವುದು ನಮ್ಮ ಕಡೆ ನಾಲ್ಕು ಜನರ ಎದುರು ಹೇಳಿಕೊಳ್ಳುವ ಸಂಗತಿಯಲ್ಲ. ಆದರೂ ಹೋದೆವು, ಅಕ್ಕನಿಗೆ ಹೇಳದೆ. ಕಾಸರಗೋಡಿನಲ್ಲಿ ರೈಲು ಹತ್ತುವಾಗ ಹುಡುಗನಿಗೆ ಕುಡಿಯುವ ವಯಸ್ಸಾಗಿರಲಿಲ್ಲ. ಕುಂಬಳೆ, ಉಪ್ಪಳ, ಮಂಜೇಶ್ವರ ದಾಟಿ ಉಳ್ಳಾಲ ಬರುವಷ್ಟರಲ್ಲಿ ಆಗಿತ್ತು. ಅವನಿಗೆ 22. ಕರ್ನಾಟಕದಲ್ಲಿ 21 ಆದರೆ ಸಾಕು. ಕೇರಳದಲ್ಲಿ ಮೊದಲು 21 ಇದ್ದದ್ದನ್ನು 2017ರಲ್ಲಿ 23ಕ್ಕೆ ಏರಿಸಿದರು. ಅಬಕಾರಿ ಲೆಕ್ಕದಲ್ಲಿ ನನ್ನ ಅಳಿಯ ಒಂದು ಗಂಟೆಯ ರೈಲು ಪ್ರಯಾಣದಲ್ಲಿ ಎರಡು ವರ್ಷ ದೊಡ್ಡವನಾದ.

ಆ ದಿನದಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ. ಕ್ರಾಫ್ಟ್ ಬಿಯರ್, ಅಂದರೆ ಸಣ್ಣ ಪ್ರಮಾಣದಲ್ಲಿ ಮಾಡುವ ತಾಜಾ ಬಿಯರ್, ಕುಡಿಯಲು ಕಾಸರಗೋಡಿನವರು ಮಂಗಳೂರಿಗೆ ಯಾಕೆ ಹೋಗಬೇಕು? ಆ ಬಿಯರ್ ಯಾಕೆ ನಮ್ಮಲ್ಲಿಗೆ ಬರುವುದಿಲ್ಲ? ಜನರಿಲ್ಲ ಅಂತಲ್ಲ. ನಮ್ಮೂರಲ್ಲಿ ಕುಡಿಯುವವರಿಗೆ ಬರ ಇಲ್ಲ. ಕೇರಳ ಸರಕಾರದ ಬಿವರೇಜಸ್ ಮದ್ಯದಂಗಡಿಯ ಮುಂದಿನ ಸಾಲು ನೋಡಿದರೆ ಗೊತ್ತಾಗುತ್ತದೆ. ಕಾರಣ ಎರಡು. ಒಂದು ಆ ಬಿಯರಿನ ಗುಣದಲ್ಲೇ ಇದೆ. ಇನ್ನೊಂದು ಗಡಿಯಲ್ಲಿದೆ.

ಮೊದಲು ಗುಣ. ನಾವು ಹೋದ ಜಾಗ ಮೈಕ್ರೋಬ್ರೂವರಿ. ಅಂದರೆ ಬಿಯರ್ ಮಾಡುವ ಜಾಗವೂ ಅದೇ, ಕುಡಿಯುವ ಜಾಗವೂ ಅದೇ. ಗಾಜಿನ ಗೋಡೆಯ ಆಚೆ ಆಳೆತ್ತರದ ಸ್ಟೀಲ್ ಟ್ಯಾಂಕುಗಳು. ಬ್ರೂವರ್ ಹುಡುಗ ಒಂದು ಹಿಡಿ ಮಾಲ್ಟ್ ಕೈಗೆ ಕೊಟ್ಟು "ತಿಂದು ನೋಡಿ" ಅಂದ. ಹುರಿದ ಗೋಧಿಯ ಹಾಗೆ ಸ್ವಲ್ಪ ಸಿಹಿ, ಸ್ವಲ್ಪ ಕರುಕಲು. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ರಾಗಿ ಮಾಲ್ಟ್ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದನ್ನು ನುಚ್ಚು ಮಾಡಿ ಬಿಸಿನೀರಿನಲ್ಲಿ ಇಟ್ಟರೆ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಿ, ತಣಿಸಿ, ಯೀಸ್ಟ್ ಬಿಡುತ್ತಾರೆ. ಯೀಸ್ಟ್ ಸಕ್ಕರೆ ತಿಂದು ಮದ್ಯಸಾರವನ್ನೂ ಗ್ಯಾಸನ್ನೂ ಬಿಡುತ್ತದೆ. ಏಲ್ ಜಾತಿಯ ಬಿಯರ್ 20 ಡಿಗ್ರಿ ಆಸುಪಾಸಿನಲ್ಲಿ ಒಂದು ವಾರದಲ್ಲಿ ಹುದುಗುತ್ತದೆ. ಲಾಗರಿಗೆ 10 ಡಿಗ್ರಿ ಆಸುಪಾಸಿನ ತಂಪು ಬೇಕು, ವಾರಗಟ್ಟಲೆ ಕಾಯಬೇಕು. ನಾವು ಬಾಟ್ಲಿಯಲ್ಲಿ ಕುಡಿಯುವ ಬಿಯರ್ ಬಹುಪಾಲು ಲಾಗರ್.

ಇಲ್ಲಿಂದ ಮುಂದೆ ಎರಡು ದಾರಿ. ದೊಡ್ಡ ಕಾರ್ಖಾನೆಯವರು ಬಿಯರನ್ನು ಸೋಸಿ, ಯೀಸ್ಟ್ ತೆಗೆದು, ಬಾಟ್ಲಿಗೆ ತುಂಬಿ, 60 ಡಿಗ್ರಿ ಆಸುಪಾಸಿಗೆ ಬಿಸಿ ಮಾಡುತ್ತಾರೆ. ಹಾಲಿಗೆ ಮಾಡುವ ಪಾಶ್ಚರೀಕರಣವೇ ಇದು. ಅಂಥ ಬಿಯರ್ ಲಾರಿಯಲ್ಲಿ ಊರೂರು ತಿರುಗಬಹುದು, ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂರಬಹುದು. ಮೈಕ್ರೋಬ್ರೂವರಿಯವರು ಸಾಮಾನ್ಯವಾಗಿ ಇದ್ಯಾವುದನ್ನೂ ಮಾಡುವುದಿಲ್ಲ. ಯೀಸ್ಟ್ ಜೀವಂತ ಇರುವಾಗಲೇ ತಂಪು ಟ್ಯಾಂಕಿನಿಂದ ಸೀದಾ ಗ್ಲಾಸಿಗೆ. ಗೋಧಿ ಬಿಯರಿನಲ್ಲಿ ಬಾಳೆಹಣ್ಣಿನ, ಲವಂಗದ ಪರಿಮಳ ಬರುತ್ತದಲ್ಲ, ಅದಕ್ಕೆ ಬಾಳೆಹಣ್ಣೂ ಹಾಕಿಲ್ಲ, ಲವಂಗವೂ ಹಾಕಿಲ್ಲ. ಆ ಜಾತಿಯ ಯೀಸ್ಟ್ ಹುದುಗುವಾಗ ಹುಟ್ಟುವ ವಾಸನೆ ಅದು. ತಾಜಾ ಇರುವಾಗ ಚೆನ್ನ. ಹಳತಾದರೆ, ಬಿಸಿಲು ತಗುಲಿದರೆ ಹೋಯಿತು. ಮೇ ತಿಂಗಳಲ್ಲಿ ಇಡ್ಲಿ ಹಿಟ್ಟನ್ನು ಫ್ರಿಜ್ಜಿನಿಂದ ಹೊರಗಿಟ್ಟು ಮರೆತವರಿಗೆ ಈ ಸಂಕಟ ಅರ್ಥವಾಗುತ್ತದೆ.

ಎರಡನೇ ಗ್ಲಾಸಿನ ಹೊತ್ತಿಗೆ ಅಳಿಯ ಕೇಳಿದ, "ಅಣ್ಣ, ಒಂದು ಬಾಟ್ಲಿಗೆ ಹಾಕಿ ಕೊಡ್ತೀರಾ? ಮನೆಗೆ ತೆಗೊಂಡು ಹೋಗ್ತೇವೆ." ಬ್ರೂವರ್ ನಕ್ಕ. "ಮನೆ ಎಲ್ಲಿ?" ಕಾಸರಗೋಡು ಅಂದೆವು. ಇನ್ನೂ ಜೋರಾಗಿ ನಕ್ಕ.

ಆ ನಗುವಿನ ಅರ್ಥ ತಿಳಿಯಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ಮದ್ಯ ನಮ್ಮ ಸಂವಿಧಾನದಲ್ಲಿ ರಾಜ್ಯಗಳ ಪಟ್ಟಿಯ ವಿಷಯ. ಮಾಡುವುದು, ಸಾಗಿಸುವುದು, ಮಾರುವುದು ಎಲ್ಲವೂ ರಾಜ್ಯದ ಕೈಯಲ್ಲಿ. ಸುಂಕವೂ ರಾಜ್ಯದ್ದೇ. 2017ರಲ್ಲಿ ಜಿಎಸ್‌ಟಿ ಬಂದಾಗ ಸೋಪು, ಬಿಸ್ಕತ್ತು, ಸಿಮೆಂಟು ಎಲ್ಲವೂ ಒಂದೇ ತೆರಿಗೆಯ ಕೆಳಗೆ ಬಂದವು. ಕುಡಿಯುವ ಮದ್ಯ ಹೊರಗುಳಿಯಿತು. ಯಾವ ರಾಜ್ಯವೂ ಆ ಹಣವನ್ನು ಬಿಟ್ಟುಕೊಡಲು ತಯಾರಿರಲಿಲ್ಲ. ಹಾಗಾಗಿ ಬಿಸ್ಕತ್ತಿಗೆ ಎರಡು ರಾಜ್ಯಗಳ ಗಡಿಯ ತಲಪಾಡಿ ಒಂದು ಬಸ್ ಸ್ಟಾಪು. ಬಿಯರಿಗೆ ಅದು ಹೊರದೇಶದ ಗಡಿ ಇದ್ದ ಹಾಗೆ. ಪರವಾನಗಿ ಇಲ್ಲದೆ ಆಚೆಯ ಬಾಟ್ಲಿ ಈಚೆ ಬಂದರೆ ಅದು ಕೇಸು. ಕರ್ನಾಟಕದ ಮದ್ಯದ ಟೆಟ್ರಾ ಪ್ಯಾಕ್ ಹಿಡಿದ ಸುದ್ದಿ ಮಂಜೇಶ್ವರ, ಕುಂಬಳೆಯಿಂದ ಪೇಪರಿನಲ್ಲಿ ಬರುತ್ತಲೇ ಇರುತ್ತದೆ.

ಒಂದು ಕಾಲಕ್ಕೆ ಇಲ್ಲಿ ಗಡಿಯೇ ಇರಲಿಲ್ಲ. 1956ರ ನವೆಂಬರ್ 1ರ ತನಕ ಕಾಸರಗೋಡು, ಮಂಗಳೂರು ಎರಡೂ ದಕ್ಷಿಣ ಕನ್ನಡ ಜಿಲ್ಲೆಯೇ, ಮದ್ರಾಸಿನ ಕೆಳಗೆ. ಮದ್ರಾಸಿನಲ್ಲಿ 1937ರಲ್ಲಿ ರಾಜಾಜಿಯವರು ಸೇಲಂನಿಂದ ಪಾನನಿಷೇಧ ಶುರು ಮಾಡಿದರು. 1948ರ ಹೊತ್ತಿಗೆ ಅದು ಇಡೀ ಪ್ರಾಂತಕ್ಕೆ ಹಬ್ಬಿತು. ಅಂದರೆ ಚಂದ್ರಗಿರಿ ಹೊಳೆಯಿಂದ ನೇತ್ರಾವತಿಯ ತನಕ ಆಗ ಕಾನೂನು ಒಂದೇ, ಯಾರೂ ಕುಡಿಯುವ ಹಾಗಿಲ್ಲ. ಕುಡಿದವರು ಕುಡಿಯುತ್ತಲೇ ಇದ್ದರು, ಅದು ಬೇರೆ ಮಾತು. ರಾಜ್ಯ ಬೇರೆಯಾದ ಮೇಲೆ ಕಾನೂನೂ ಬೇರೆಯಾಯಿತು. ನಮಗೆ ಬಂದದ್ದು ಕೇರಳದ ಅಬಕಾರಿ ಕಾಯ್ದೆ. ಅದರ ಬೇರು ಕೊಚ್ಚಿ ರಾಜರ ಕಾಲದ್ದು, ಕೊಲ್ಲಂ ವರ್ಷ 1077ರದ್ದು, ಅಂದರೆ 1902ರ ಹೊತ್ತಿನದು. ಮಂಗಳೂರಿಗೆ 1965ರ ಕರ್ನಾಟಕ ಅಬಕಾರಿ ಕಾಯ್ದೆ. ಒಂದೇ ಜಿಲ್ಲೆಯಾಗಿದ್ದ ಊರುಗಳು. ಈಗ ಮಾವನ ಮನೆಯ ಗ್ಲಾಸಿಗೊಂದು ಕಾನೂನು, ಅಳಿಯನ ಮನೆಯ ಗ್ಲಾಸಿಗೊಂದು.

ಕರ್ನಾಟಕ 2010ರ ಹೊತ್ತಿಗೆ ಮೈಕ್ರೋಬ್ರೂವರಿಗಳಿಗೆ ದಾರಿ ಮಾಡಿಕೊಟ್ಟಿತು. ಬೆಂಗಳೂರಿನಲ್ಲಿ ಒಂದಾದ ಮೇಲೊಂದು ತೆರೆದವು. ಆ ನಗರಕ್ಕೆ ಬಿಯರ್ ಹೊಸದಲ್ಲ. ದಂಡಿನ ಸೋಲ್ಜರುಗಳ ಬಾಯಾರಿಕೆಗೆ ಬ್ರಿಟಿಷರ ಕಾಲದಲ್ಲೇ ಅಲ್ಲಿ ಕಾರ್ಖಾನೆಗಳಿದ್ದವು. ಅಂಥ ಐದು ಬ್ರೂವರಿಗಳನ್ನು ಸೇರಿಸಿ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಆಯಿತು. ಮುಂದೆ ಅದನ್ನು ಕೈಗೆ ತೆಗೆದುಕೊಂಡ ವಿಠಲ ಮಲ್ಯರ ಮೂಲ ನಮ್ಮ ಪಕ್ಕದ ಬಂಟ್ವಾಳ. ಪುಣೆಯಲ್ಲಿ ಡೂಲಾಲಿ ಎಂಬುದು 2009ರಲ್ಲೇ ಶುರುವಾಗಿತ್ತು, ದೇಶದ ಮೊದಮೊದಲ ಮೈಕ್ರೋಬ್ರೂವರಿಗಳಲ್ಲಿ ಅದೂ ಒಂದು. ಅಕ್ಕಲಕೋಟೆ, ಸೊಲ್ಲಾಪುರದ ಕನ್ನಡಿಗರಿಗೆ ಪುಣೆ ಹೇಗೋ, ಹೊಸೂರಿನವರಿಗೆ ಬೆಂಗಳೂರು ಹೇಗೋ, ನಮಗೆ ಮಂಗಳೂರು ಹಾಗೆ. ಹೊಸೂರಿನಲ್ಲಿ ಚಿಲ್ಲರೆ ಮದ್ಯ ಮಾರುವುದು 2003ರಿಂದ ತಮಿಳುನಾಡು ಸರಕಾರದ ಟಾಸ್ಮ್ಯಾಕ್ ಒಂದೇ. ತಾಜಾ ಬಿಯರ್ ಬೇಕಾದರೆ ಅತ್ತಿಬೆಲೆ ದಾಟಬೇಕು. ಹಿಂದೂಪುರದವರ ಕತೆ ಇನ್ನೂ ವಿಚಿತ್ರ. 2019ರಿಂದ ಐದು ವರ್ಷ ಆಂಧ್ರದಲ್ಲಿ ಸರಕಾರವೇ ಅಂಗಡಿ ಇಟ್ಟು ಯಾರೂ ಕೇಳದ ಬ್ರಾಂಡುಗಳನ್ನು ಮಾರಿತು. 2024ರ ಅಕ್ಟೋಬರಿನಲ್ಲಿ ಅಂಗಡಿಗಳು ಮತ್ತೆ ಖಾಸಗಿಯವರ ಕೈಗೆ ಹೋದವು.

ಹೊರದೇಶಗಳ ಬಿಯರ್ ಹಬ್ಬಗಳಿಗೂ ನಮ್ಮ ಹಬ್ಬಗಳಿಗೂ ಇರುವ ವ್ಯತ್ಯಾಸವೂ ಇಲ್ಲೇ ಹುಟ್ಟುತ್ತದೆ. ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ 1988ರಲ್ಲಿ ಹೊಳೆಯ ದಂಡೆಯ ಪಾರ್ಕಿನಲ್ಲಿ ಆರಿಗನ್ ಬ್ರೂವರ್ಸ್ ಫೆಸ್ಟಿವಲ್ ಶುರುವಾಯಿತು. ಜುಲೈ ಬಿಸಿಲಿನಲ್ಲಿ ಹತ್ತಾರು ಸಣ್ಣ ಬ್ರೂವರಿಗಳು ತಮ್ಮ ಪೀಪಾಯಿ ತಂದು ಸಾಲಾಗಿ ಇಡುತ್ತಿದ್ದವು, ಜನ ಚಿಕ್ಕ ಗ್ಲಾಸ್ ಹಿಡಿದು ಒಂದೊಂದನ್ನೇ ರುಚಿ ನೋಡುತ್ತಿದ್ದರು. ಆ ಸಣ್ಣ ಬ್ರೂವರಿಗಳೂ ತಾವಾಗಿ ಹುಟ್ಟಿದವಲ್ಲ. 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಒಂದು ಕಾನೂನು ಮನೆಯಲ್ಲಿ ಬಿಯರ್ ಮಾಡಲು ಅವಕಾಶ ಕೊಟ್ಟಿತು. ಅಡಿಗೆಮನೆಯಲ್ಲಿ ಪಾತ್ರೆ ಇಟ್ಟು ಕಲಿತವರಲ್ಲಿ ಎಷ್ಟೋ ಜನ ಆಮೇಲೆ ಬ್ರೂವರಿ ತೆರೆದರು. ಇಂಗ್ಲೆಂಡಿನದು ಇನ್ನೊಂದು ಬಗೆ. ದೊಡ್ಡ ಕಂಪನಿಗಳು ಪಬ್ಬುಗಳಿಗೆ ಸೋಸಿದ, ಪಾಶ್ಚರೀಕರಿಸಿದ ಬಿಯರ್ ತುಂಬತೊಡಗಿದಾಗ ಕುಡಿಯುವವರೇ ಸಿಟ್ಟಾಗಿ 1971ರಲ್ಲಿ ಕ್ಯಾಮ್ರಾ ಎಂಬ ಸಂಘ ಕಟ್ಟಿದರು. ಅವರ ಬೇಡಿಕೆ ಸರಳವಾಗಿತ್ತು. ಪೀಪಾಯಿಯಲ್ಲಿ ಯೀಸ್ಟ್ ಜೀವಂತ ಇರುವ ಏಲ್ ನಮಗೆ ಬೇಕು. ಅವರ ಗ್ರೇಟ್ ಬ್ರಿಟಿಷ್ ಬಿಯರ್ ಫೆಸ್ಟಿವಲ್ 1977ರಲ್ಲಿ ಶುರುವಾಯಿತು.

ಅಲ್ಲಿ ಬಿಯರೇ ಹಬ್ಬಕ್ಕೆ ಬರುತ್ತದೆ. ಇಲ್ಲಿ ನಾವು ಬಿಯರ್ ಇದ್ದಲ್ಲಿಗೆ ಹೋಗಬೇಕು. ಮೈಕ್ರೋಬ್ರೂವರಿಯ ಲೈಸೆನ್ಸಿನ ಲೆಕ್ಕವೇ ಅದು, ಮಾಡಿದಲ್ಲೇ ಮಾರು. 2020ರ ಲಾಕ್‌ಡೌನಿನಲ್ಲಿ ಟ್ಯಾಂಕಿನಲ್ಲಿದ್ದ ಬಿಯರ್ ಹಾಳಾಗುತ್ತದೆ ಅಂತ ಮಾಲೀಕರು ಗೋಗರೆದಾಗ ಕರ್ನಾಟಕ ಸರಕಾರ ಸ್ವಲ್ಪ ಕಾಲ ಪಾರ್ಸೆಲ್ ಕೊಡಲು ಬಿಟ್ಟಿತು. ಹಾಗಾಗಿ ನಮ್ಮ ಕಡೆಯ ಬೇಸಿಗೆ ಬಿಯರ್ ಹಬ್ಬ ಅಂದರೆ ಬಹಳ ಸಲ ಒಂದೇ ಬ್ರೂವರಿಯ ಏಳೆಂಟು ಟ್ಯಾಂಕು, ಒಂದು ಬ್ಯಾಂಡು, ಸೀಗಡಿ ಫ್ರೈ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಇತ್ತು. ಪುನರ್ಪುಳಿ ಹಾಕಿದ ಒಂದು ಹುಳಿ ಬಿಯರ್ ಇತ್ತು. ಬಣ್ಣ ನಮ್ಮಮ್ಮ ಮಾಡುವ ಶರಬತ್ತಿನದೇ. ಮಾವಿನಹಣ್ಣಿನದು ನನಗೆ ಹಿಡಿಸಲಿಲ್ಲ. ಹಣ್ಣು ತಿನ್ನುವವನು ಹಣ್ಣು ತಿಂದರಾಯಿತು.

ಇನ್ನು ಕೇರಳ. ಇಲ್ಲಿ ಮೈಕ್ರೋಬ್ರೂವರಿಯ ಮಾತು ಹಲವು ಸಲ ಎದ್ದಿದೆ, ಅಷ್ಟೇ ಸಲ ಕೂತಿದೆ. ಕೇರಳದ ಮದ್ಯನೀತಿ ಅಂದರೆ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. 1996ರಲ್ಲಿ ಎ.ಕೆ. ಆಂಟನಿಯವರ ಸರಕಾರ ಸಾರಾಯಿ ನಿಲ್ಲಿಸಿತು. 2014ರಲ್ಲಿ ಉಮ್ಮನ್ ಚಾಂಡಿಯವರ ಸರಕಾರ ಪಂಚತಾರಾ ಹೋಟೆಲುಗಳನ್ನು ಬಿಟ್ಟು ಉಳಿದ ಬಾರುಗಳನ್ನು ಮುಚ್ಚುವ ನೀತಿ ತಂದಿತು. 2017ರಲ್ಲಿ ಪಿಣರಾಯಿ ವಿಜಯನ್ ಸರಕಾರ ಮೂರು ಸ್ಟಾರಿನಿಂದ ಮೇಲಿನವಕ್ಕೆ ಮತ್ತೆ ಬಾಗಿಲು ತೆರೆಯಿತು. 2018ರಲ್ಲಿ ಮೂರು ಬ್ರೂವರಿ, ಒಂದು ಡಿಸ್ಟಿಲರಿಗೆ ತಾತ್ವಿಕ ಒಪ್ಪಿಗೆ ಕೊಟ್ಟು, ಪ್ರತಿಪಕ್ಷ ಗಲಾಟೆ ಎಬ್ಬಿಸಿದ ಮೇಲೆ ಅದೇ ಅಕ್ಟೋಬರಿನಲ್ಲಿ ರದ್ದು ಮಾಡಿತು. 2025ರ ಜನವರಿಯಲ್ಲಿ ಪಾಲಕ್ಕಾಡಿನ ಎಲಪ್ಪುಳ್ಳಿಯಲ್ಲಿ ಬ್ರೂವರಿಯೂ ಸೇರಿದ ಒಂದು ದೊಡ್ಡ ಘಟಕಕ್ಕೆ ಒಪ್ಪಿಗೆ ಸಿಕ್ಕಿತು. ಕೂಡಲೇ ಜಗಳ ಶುರುವಾಯಿತು. ಈ ಸಲದ ಜಗಳ ಮದ್ಯಕ್ಕಿಂತ ನೀರಿನದು.

ಆ ಜಗಳವನ್ನು ಸುಮ್ನೆ ರಾಜಕೀಯ ಅಂತ ತಳ್ಳಿಹಾಕಲು ನಾನು ತಯಾರಿಲ್ಲ. ಪಾಲಕ್ಕಾಡಿನದೇ ಪ್ಲಾಚಿಮಡದಲ್ಲಿ ಕೋಕಾಕೋಲಾ ಕಾರ್ಖಾನೆ ಅಂತರ್ಜಲದ ಗಲಾಟೆಯಲ್ಲಿ 2004ರಲ್ಲಿ ಬಾಗಿಲು ಹಾಕಿತು. ಜನ ಅದನ್ನು ಮರೆತಿಲ್ಲ. ಒಂದು ಲೀಟರ್ ಬಿಯರ್ ಮಾಡಲು ಒಂದು ಲೀಟರ್ ನೀರು ಸಾಕಾಗುವುದಿಲ್ಲ. ಟ್ಯಾಂಕು ತೊಳೆಯಬೇಕು, ತಣಿಸಬೇಕು, ಹಬೆ ಬೇಕು. ಒಳ್ಳೆ ಯಂತ್ರಗಳಿರುವ ದೊಡ್ಡ ಕಾರ್ಖಾನೆಯಲ್ಲೇ ಮೂರು-ನಾಲ್ಕು ಲೀಟರ್ ಹೋಗುತ್ತದೆ. ಸಣ್ಣ ಬ್ರೂವರಿಯಲ್ಲಿ ಲೀಟರಿಗೆ ಖರ್ಚಾಗುವ ನೀರು ಇನ್ನೂ ಜಾಸ್ತಿ. ಆದರೆ ಅದು ದಿನಕ್ಕೆ ಮಾಡುವ ಬಿಯರೇ ಕಡಿಮೆ. ದಿನಕ್ಕೆ ಲಕ್ಷಗಟ್ಟಲೆ ಲೀಟರ್ ನೀರು ಎಳೆಯುವ ಕಾರ್ಖಾನೆಯೂ ನಾಲ್ಕು ಟ್ಯಾಂಕಿನ ಮೈಕ್ರೋಬ್ರೂವರಿಯೂ ಒಂದೇ ಅಲ್ಲ. ಕೇರಳದ ಟಿವಿ ಚರ್ಚೆಗಳಲ್ಲಿ ಇವೆರಡನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ.

ಹಾಗಂತ ಕಾಸರಗೋಡಿಗೆ ನೀರಿನ ಚಿಂತೆ ಇಲ್ಲ ಅಂತಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಹತ್ತಿರ ಮಳೆ ಸುರಿಯುವ ಜಿಲ್ಲೆ ಇದು. ಏಪ್ರಿಲಿಗೆ ಬಾವಿ ಆರುತ್ತದೆ. ಬಾಯಾರು, ಎಣ್ಮಕಜೆಯ ಕಡೆ ಅಜ್ಜಂದಿರು ಮುರಕಲ್ಲಿನ ಗುಡ್ಡಕ್ಕೆ ಅಡ್ಡ ಸುರಂಗ ಕೊರೆದು ಬೆರಳ ದಪ್ಪದ ನೀರನ್ನು ತೋಟಕ್ಕೆ ತಂದರು. ಆ ಊರುಗಳಲ್ಲಿ ಬ್ರೂವರಿಗೆ ಬೋರ್‌ವೆಲ್ ಹಾಕುತ್ತೇವೆ ಅಂದರೆ ನಾನೂ ಜಗಳಕ್ಕೆ ನಿಲ್ಲುತ್ತೇನೆ.

ಆದರೆ ನನ್ನ ನಿಜವಾದ ತಕರಾರು ಬೇರೆ. ಮಾಡಿದಲ್ಲೇ ಕುಡಿಯಬೇಕಾದ, ಯೀಸ್ಟ್ ಜೀವಂತ ಇರುವ, ಸೋಸದ, ಪಾಶ್ಚರೀಕರಿಸದ, ಋತುವಿಗೊಂದು ರುಚಿ ಇರುವ, ಐದಾರು ಪರ್ಸೆಂಟಿನ ಪಾನೀಯ. ಮಂಗಳೂರಿನ ಗಾಜಿನ ಗೋಡೆಯ ಹಿಂದೆ ಬ್ರೂವರ್ ವರ್ಣಿಸಿದ್ದು ಇದನ್ನೇ. ಇದನ್ನು ನಾನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ನೋಡಿದ್ದು ನಮ್ಮ ತೋಟದಲ್ಲೇ.

ಕಳ್ಳು. ತುಳುವಿನಲ್ಲಿ ಕಲಿ. ತೆಂಗಿನ ಹೊಂಬಾಳೆ ಬಿರಿಯುವ ಮೊದಲು ಅದನ್ನು ಬಿಗಿಯಾಗಿ ಕಟ್ಟಿ, ದಿನಾ ಮೆಲ್ಲಗೆ ತಟ್ಟಿ ತಟ್ಟಿ ಹದ ಮಾಡಿ, ತುದಿ ಸೀಳಿದರೆ ರಸ ಹನಿಯುತ್ತದೆ. ಹನಿಯುವಾಗ ಅದು ಬರೀ ಸಿಹಿನೀರು. ಮಡಕೆಯಲ್ಲೂ ಗಾಳಿಯಲ್ಲೂ ಇರುವ ಯೀಸ್ಟ್ ಆ ಕ್ಷಣವೇ ಕೆಲಸ ಶುರು ಮಾಡುತ್ತದೆ. ಬೆಳಗ್ಗೆ ಇಳಿಸಿದ್ದು ಸಿಹಿ, ಸಂಜೆಗೆ ಖಡಕ್, ಒಂದೆರಡು ದಿನ ಬಿಟ್ಟರೆ ವಿನೆಗರ್. ಮಡಕೆಗೆ ಸುಣ್ಣ ಬಳಿದರೆ ಹುದುಗುವುದು ತಡೆಯುತ್ತದೆ, ಆಗ ಅದು ನೀರಾ. ಬಾರ್ಲಿಯನ್ನು ಮೊಳಕೆ ಬರಿಸಬೇಕು, ಕುದಿಸಬೇಕು, ಯೀಸ್ಟ್ ಕೊಳ್ಳಬೇಕು. ಇಲ್ಲಿ ಮರವೇ ಬ್ರೂವರಿ. ಹೊರದೇಶದಲ್ಲಿ ಗಾಳಿಯ ಯೀಸ್ಟಿನಿಂದ ತಾನಾಗಿ ಹುದುಗುವ ಬೆಲ್ಜಿಯಮ್ಮಿನ ಲ್ಯಾಂಬಿಕ್ ಎಂಬ ಬಿಯರಿಗೆ ಬಿಯರ್ ಪಂಡಿತರು ತಲೆಬಾಗುತ್ತಾರೆ. ಅದೇ ಕೆಲಸವನ್ನು ನಮ್ಮ ಮಡಕೆ ದಿನಾ ಮಾಡುತ್ತದೆ. ಯಾರೂ ತಿರುಗಿ ನೋಡುವುದಿಲ್ಲ.

ಯಾಕೆ? ನಾಚಿಕೆ ಒಂದು ಕಾರಣ. ಕಳ್ಳು ಶಾಪಿಗೆ ಹೋಗುವುದನ್ನು ನಮ್ಮ ಓದಿದ ಮಂದಿ ಮುಚ್ಚಿಡುತ್ತಾರೆ. ಮೈಕ್ರೋಬ್ರೂವರಿಗೆ ಹೋದದ್ದನ್ನು ಫೋಟೋ ಹಾಕಿ ತೋರಿಸುತ್ತಾರೆ. ಒಳಗಿರುವ ಮದ್ಯಸಾರದ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ಬಿಲ್ಲಿನಲ್ಲಿ.

ಆದರೆ ಇದನ್ನು ಬರೀ ಡೌಲು ಅಂದುಬಿಟ್ಟರೆ ಅನ್ಯಾಯವಾದೀತು. ಕಳ್ಳು ಇಳಿಸುವುದು ಬಿಲ್ಲವರ, ತೀಯರ ಕುಲಕಸುಬಾಗಿತ್ತು. ಅದೇ ಕಸುಬಿನ ಹೆಸರಿನಲ್ಲಿ ಅವರನ್ನು ಕೀಳಾಗಿ ಕಂಡರು. ನಾರಾಯಣ ಗುರುಗಳು ತಮ್ಮವರಿಗೆ ಮದ್ಯ ಮಾಡಬಾರದು, ಕೊಡಬಾರದು, ಕುಡಿಯಬಾರದು ಎಂದು ಹೇಳಿದ್ದರ ಹಿಂದೆ ಆ ಅವಮಾನವೂ ಇತ್ತು, ಹಾಳಾದ ಮನೆಗಳೂ ಇದ್ದವು. ಮರ ಹತ್ತುವ ಕಸುಬಿನಿಂದ ಮಕ್ಕಳನ್ನು ಬಿಡಿಸಿ ಓದಿಸಿದವರಿಗೆ ಹೋಗಿ "ಕಳ್ಳು ನಮ್ಮ ಪರಂಪರೆ" ಅಂತ ಭಾಷಣ ಬಿಗಿಯಲು ನನಗೆ ಬಾಯಿ ಬರುವುದಿಲ್ಲ. ಇನ್ನೊಂದು ಕಡೆ ಇದೇ ಮಣ್ಣಿನಲ್ಲಿ ಕೊರಗಜ್ಜ ದೈವಕ್ಕೆ ಕಲಿ, ಚಕ್ಕುಲಿ, ಬೀಡ ಇಡದೆ ಅಗೇಲು ಸೇವೆ ಆಗುವುದಿಲ್ಲ. ದೈವದ ಎದುರು ಮರ್ಯಾದೆ ಇರುವ ಪಾನೀಯಕ್ಕೆ ಪೇಟೆಯಲ್ಲಿ ಇಲ್ಲ. ಎರಡೂ ನಿಜ, ಎರಡನ್ನೂ ಒಟ್ಟಿಗೆ ಹಿಡಿದುಕೊಂಡೇ ಮಾತಾಡಬೇಕು.

ಎರಡನೇ ಕಾರಣ ನಂಬಿಕೆ. ಕೇರಳದ ಕಳ್ಳು ಶಾಪುಗಳಿಗೆ ಬೇಕಾದಷ್ಟು ಕಳ್ಳು ಅಕ್ಕಪಕ್ಕದ ಮರಗಳಿಂದ ಸಿಗುವುದಿಲ್ಲ. ಮರ ಹತ್ತುವವರೇ ಕಡಿಮೆಯಾಗಿದ್ದಾರೆ. ದಕ್ಷಿಣದ ಜಿಲ್ಲೆಗಳಿಗೆ ಪಾಲಕ್ಕಾಡಿನ ಚಿತ್ತೂರಿನಿಂದ ವ್ಯಾನುಗಳಲ್ಲಿ ಬರುತ್ತದೆ. ಗಂಟೆಗಂಟೆಗೆ ಹುಳಿಯಾಗುವ ಪಾನೀಯ ಇಡೀ ರಾಜ್ಯ ಸುತ್ತಿದರೆ ಅದರ ಗತಿ ಏನು? ಕಲಬೆರಕೆಯ ದೂರು ಹುಟ್ಟುವುದೇ ಅಲ್ಲಿ. ತೆಂಗಿನ ಕಳ್ಳಿನಲ್ಲಿ ಮದ್ಯಸಾರ ಇಂತಿಷ್ಟು ಪರ್ಸೆಂಟ್ ಮೀರಬಾರದು ಎಂಬ ನಿಯಮ ಇದೆ. ಅದನ್ನು ಕುಡಿಯುವವನು ಬಾಟ್ಲಿ ನೋಡಿ ತಿಳಿಯುವ ಹಾಗಿಲ್ಲ. ಯಾವ ತೋಟದ್ದು, ಇವತ್ತಿನದೋ ನಿನ್ನೆಯದೋ ಎಂಬುದೂ ಗೊತ್ತಾಗುವುದಿಲ್ಲ. ಮೈಕ್ರೋಬ್ರೂವರಿಯ ಕರಿಹಲಗೆಯ ಮೇಲೆ ಬಿಯರಿನ ಹೆಸರು, ಜಾತಿ, ಪರ್ಸೆಂಟು ಎಲ್ಲ ಬರೆದಿರುತ್ತಾರೆ. ಟ್ಯಾಂಕು ಕಣ್ಣೆದುರೇ ಇರುತ್ತದೆ. ಜನ ಜಾಸ್ತಿ ದುಡ್ಡು ಕೊಡುವುದು ಆ ನಂಬಿಕೆಗೂ ಹೌದು.

ಸರಕಾರಕ್ಕೆ ಇದು ತಿಳಿದಿಲ್ಲ ಅಂತಲ್ಲ. ಕಳ್ಳಿನ ಉದ್ಯಮಕ್ಕೆ ಒಂದು ಮಂಡಳಿ ಬೇಕೆಂದು 2021ರಲ್ಲಿ ಕಾನೂನು ಮಾಡಿದರು. 2023ರ ಮದ್ಯನೀತಿಯಲ್ಲಿ ಪ್ರವಾಸಿ ಜಾಗಗಳ ಮೂರು ಸ್ಟಾರಿನಿಂದ ಮೇಲಿನ ಹೋಟೆಲು, ರೆಸಾರ್ಟುಗಳು ತಮ್ಮದೇ ವಠಾರದ ತೆಂಗಿನಿಂದ ಕಳ್ಳು ಇಳಿಸಿ ಅತಿಥಿಗಳಿಗೆ ಕೊಡಬಹುದು ಅಂದರು. ಓದಿದಾಗ ನಗು ಬಂತು. ಇದು ಮೈಕ್ರೋಬ್ರೂವರಿಯ ನಿಯಮವೇ ಅಲ್ವಾ? ಮಾಡಿದಲ್ಲೇ ಮಾರು. ಬೇಕಲದ ರೆಸಾರ್ಟಿಗೆ ಬಂದ ಅತಿಥಿಗೆ ಆಗಬಹುದು ಅಂದದ್ದು ಬದಿಯಡ್ಕದ ತೆಂಗಿನ ಕೃಷಿಕನಿಗೆ ಆಗುವುದಿಲ್ಲ. ತನ್ನ ಮರದ ಕಳ್ಳನ್ನು ತನ್ನ ಜಗಲಿಯಲ್ಲಿ ನಾಲ್ಕು ಪ್ರವಾಸಿಗರಿಗೆ ಕೊಟ್ಟರೆ ಅವನು ಅಪರಾಧಿ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಮೂರ್ತೆದಾರರ, ಅಂದರೆ ಕಳ್ಳು ಇಳಿಸುವವರ, ಸಹಕಾರ ಸಂಘಗಳು ಕಳ್ಳು ಮಾರುತ್ತವೆ. ಹೊಸೂರು, ತಾಳವಾಡಿಯ ಕಡೆ ಅದೂ ಇಲ್ಲ. ತಮಿಳುನಾಡಿನಲ್ಲಿ 1987ರಿಂದ ಕಳ್ಳಿಗೆ ನಿಷೇಧ, ಬಾಟ್ಲಿಯ ಬ್ರಾಂದಿ ಮಾತ್ರ ಸರಕಾರವೇ ಮಾರುತ್ತದೆ.

ಇನ್ನೂ ಒಂದು ಸಂಗತಿ ಇದೆ. ಕಾಸರಗೋಡಿನವರಿಗೇ ಎಷ್ಟೋ ಜನರಿಗೆ ಗೊತ್ತಿಲ್ಲ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ನಮ್ಮ ಊರಿನ ಸಿಪಿಸಿಆರ್‌ಐ, ರಸ ಹುದುಗದ ಹಾಗೆ ಇಳಿಸಲು ಒಂದು ಉಪಾಯ ಕಂಡುಹಿಡಿದಿದೆ. ಐಸ್ ತುಂಬಿದ ಪೆಟ್ಟಿಗೆಯಂಥ ಒಂದು ಸಾಧನ, ಮಡಕೆಯ ಬದಲು ಅದನ್ನು ಹೊಂಬಾಳೆಗೆ ಕಟ್ಟುವುದು. ಸುಣ್ಣವೂ ಬೇಡ. ಹಾಗೆ ಸಿಗುವ ಮದ್ಯಸಾರ ಇಲ್ಲದ ರಸಕ್ಕೆ ಕಲ್ಪರಸ ಅಂತ ಹೆಸರಿಟ್ಟಿದ್ದಾರೆ. ಅವರ ಉದ್ದೇಶ ಪಾನೀಯ ಮತ್ತು ತೆಂಗಿನ ಸಕ್ಕರೆ, ಕಳ್ಳಲ್ಲ. ಆದರೂ ಯೋಚಿಸಿ. ಕ್ರಾಫ್ಟ್ ಬಿಯರಿನ ಅರ್ಧ ಗುಟ್ಟು ತಂಪಿನಲ್ಲಿದೆ. ಹುದುಗುವುದನ್ನು ಬೇಕೆಂದಾಗ ಶುರು ಮಾಡಿ, ಬೇಕೆಂದಾಗ ನಿಲ್ಲಿಸುವ ಹಿಡಿತದಲ್ಲಿದೆ. ಮರದ ತುದಿಯಿಂದಲೇ ತಂಪು ಕೊಡುವ ಸಾಧನ ಕಾಸರಗೋಡಿನಲ್ಲೇ ಹುಟ್ಟಿದೆ. ಅದರಿಂದ ರಸ ಇಳಿಸಿ, ಶುದ್ಧ ಟ್ಯಾಂಕಿನಲ್ಲಿ ಹುದುಗಿಸಿ, ಇಂತಿಷ್ಟು ಪರ್ಸೆಂಟು, ಇಂಥ ತೋಟ, ಇಂಥ ತಾರೀಕು ಅಂತ ಬರೆದು ಒಂದು ಗ್ಲಾಸ್ ಕೊಟ್ಟರೆ ಅದನ್ನು ಕುಡಿಯಲು ಮಂಗಳೂರಿನವರು ಇತ್ತ ರೈಲು ಹತ್ತುತ್ತಾರೆ. ಕೇರಳ ಮೈಕ್ರೋಬ್ರೂವರಿಗೆ ಬಾಗಿಲು ತೆರೆಯಲಿ, ಬಿಡಲಿ. ತೆರೆಯುವುದಾದರೆ ಮೊದಲು ಈ ಬಾಗಿಲು ತೆರೆಯಲಿ ಅನ್ನುವುದು ನನ್ನ ವಾದ. ನೀರೂ ಜಾಸ್ತಿ ಬೇಡ, ಬಾರ್ಲಿಯನ್ನು ರಾಜಸ್ಥಾನದಿಂದ ತರಿಸಬೇಕಾಗಿಯೂ ಇಲ್ಲ.

ಇಂಥದ್ದಕ್ಕೆ ಕೇರಳದಲ್ಲಿ ಒಂದು ಸಣ್ಣ ಕಿಂಡಿ ಆಗಲೇ ತೆರೆದಿದೆ. ಹಣ್ಣುಗಳಿಂದ ಕಡಿಮೆ ಮದ್ಯಸಾರದ ವೈನ್ ಮಾಡುವ ಸಣ್ಣ ಘಟಕಗಳಿಗೆ 2022ರಲ್ಲಿ ನಿಯಮ ತಂದರು. ಅದೇ ವರ್ಷ ಕಣ್ಣೂರಿನ ಪಯ್ಯಾವೂರು ಸಹಕಾರಿ ಬ್ಯಾಂಕಿಗೆ ಗೇರುಹಣ್ಣಿನಿಂದ ಫೆನ್ನಿ ಮಾಡಲು ಅನುಮತಿ ಸಿಕ್ಕಿತು. ಗೇರುಬೀಜ ಕಿತ್ತುಕೊಂಡು ಹಣ್ಣನ್ನು ಮರದಡಿ ಕೊಳೆಯಲು ಬಿಡುವುದನ್ನು ನೋಡುತ್ತಲೇ ಬೆಳೆದವರು ನಾವು. ಅದೇ ಗೇರುತೋಟಗಳ ಮೇಲೆ 2000ನೇ ಇಸವಿಯ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಆ ತೋಟಗಳ ಹಣ್ಣಿನಿಂದ ಏನೇ ಮಾಡಲಿ, ಮೊದಲು ಸುತ್ತಲಿನ ಊರಿನವರ ಮುಖ ನೋಡಿ ಮಾತಾಡಬೇಕು.

ಬ್ರೂವರಿ ನೋಡಲು ಹೋಗುವವರಿಗೆ ಒಂದೆರಡು ಮಾತು, ಅನುಭವದ್ದು. ಚಿಕ್ಕ ಗ್ಲಾಸ್ ಮೋಸ ಮಾಡುತ್ತದೆ. ಆರು ಬಗೆ, ತಲಾ 100 ಮಿಲಿ ಅಂದರೆ 600 ಮಿಲಿ ಆಯಿತು. ದೊಡ್ಡ ಬಿಯರ್ ಬಾಟ್ಲಿಯಲ್ಲಿ ಇರುವುದೇ 650. ರುಚಿ ನೋಡಿದ್ದು ಅಷ್ಟೇ ಅಂತ ಗಾಡಿ ಹತ್ತಿದರೆ ಕೆಟ್ಟಿರಿ. ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ಆ ಆರು ಗ್ಲಾಸುಗಳನ್ನು ಬೇಗ ಬೇಗ ಕುಡಿದರೆ ಸಾಧಾರಣ ಮೈಕಟ್ಟಿನವರೂ ಅದನ್ನು ದಾಟುತ್ತಾರೆ. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು, ಅಥವಾ ಎರಡೂ. ರೈಲೇ ವಾಸಿ. ಹಗುರದ ಗೋಧಿ ಬಿಯರಿನಿಂದ ಶುರು ಮಾಡಿ, ಕಹಿಯ ಐಪಿಎ, ಕಪ್ಪು ಸ್ಟೌಟ್ ಕೊನೆಗೆ ಇಟ್ಟುಕೊಳ್ಳಿ. ಮೊದಲೇ ಕಹಿ ಕುಡಿದರೆ ನಾಲಿಗೆಗೆ ಉಳಿದದ್ದೆಲ್ಲ ಸಪ್ಪೆ. ನಡುವೆ ನೀರು ಕುಡಿಯಿರಿ. ಬೇಸಿಗೆಯಲ್ಲಿ ಬಿಯರ್ ದಾಹ ತೀರಿಸುತ್ತದೆ ಅನ್ನುವುದು ಜಾಹೀರಾತಿನ ಮಾತು, ಮದ್ಯಸಾರ ಮೈಯ ನೀರನ್ನು ಹೊರಗೆ ಹಾಕುತ್ತದೆ. ಮದ್ಯ ಎಷ್ಟು ಕಡಿಮೆ ಕುಡಿದರೂ ಅಪಾಯವಿಲ್ಲದ ಪ್ರಮಾಣ ಅಂತ ಒಂದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕ್ರಾಫ್ಟ್ ಅನ್ನುವ ಹೆಸರಿಗೆ ಅಲ್ಲಿ ರಿಯಾಯಿತಿ ಇಲ್ಲ.

ರಾತ್ರಿ ರೈಲಿನಲ್ಲಿ ಮರಳಿದೆವು. ಮರುದಿನ ಬೆಳಗ್ಗೆ ನಮ್ಮ ತೋಟದ ಬದಿಯಲ್ಲಿ ಕಳ್ಳು ಇಳಿಸುವವರು ಬಂದಿದ್ದರು. ಅಲ್ಲಿಯ ಆರು ಮರಗಳಿಗೆ ಅಬಕಾರಿಯವರ ನಂಬರು ಇದೆ. ಅಳಿಯ ಮರದ ಬುಡಕ್ಕೆ ಹೋಗಿ ನಿಂತ. ಹಿಂದಿನ ದಿನ ಗಾಜಿನ ಗೋಡೆಯ ಮುಂದೆ ನಿಂತಿದ್ದನಲ್ಲ, ಅದೇ ಕಣ್ಣು. ಎಷ್ಟು ಹೊತ್ತಿಗೆ ಹುಳಿಯಾಗುತ್ತದೆ, ಮಳೆಗಾಲದ್ದು ಬೇರೆ ರುಚಿಯಾ, ಎಲ್ಲ ಕೇಳಿದ. ಆಮೇಲೆ ಕೈ ಚಾಚಿ, "ಸ್ವಲ್ಪ ಕೊಡಿ, ರುಚಿ ನೋಡ್ತೇನೆ" ಅಂದ.

ಮಡಕೆ ಹಿಡಿದವರು ನನ್ನ ಮುಖ ನೋಡಿದರು. "ಅವನಿಗೆ ಎಷ್ಟಾಯಿತು?"

"22."

"ಹಾಗಾದರೆ ಆಗುವುದಿಲ್ಲ. ಲೈಸೆನ್ಸ್ ಹೋಗ್ತದೆ" ಅಂದು ಮಡಕೆಗೆ ಬಟ್ಟೆ ಕಟ್ಟಿದರು. ಅಳಿಯ ಫೋನ್ ತೆಗೆದು ಮುಂದಿನ ರೈಲು ಎಷ್ಟು ಹೊತ್ತಿಗೆ ಅಂತ ನೋಡತೊಡಗಿದ.